ಬೈಕಿಗೆ ತುಕ್ಕು ಹಿಡಿಯೋದು ಬರೀ ಮಳೆಯಿಂದ ಅಲ್ಲ

ಜೂನ್ ಬಂತು ಅಂದ್ರೆ ನಮ್ಮ ಮಡಿಕೇರಿ, ನಾಪೋಕ್ಲು, ಭಾಗಮಂಡಲ ಕಡೆ ಹುಡುಗರೆಲ್ಲ ಬೈಕಿಗೆ ಪ್ಲಾಸ್ಟಿಕ್ ಕವರ್ ತಂದು ಹೊದಿಸಿ ಬಿಡ್ತಾರೆ, ಸೆಪ್ಟೆಂಬರ್‌ನಲ್ಲಿ ತೆಗೆದು ನೋಡಿದ್ರೆ ಸೈಲೆನ್ಸರ್ ಕೆಂಪು, ರಿಮ್ ಕೆಂಪು, ಆಮೇಲೆ ಕಂಪನಿಯವರಿಗೆ ಬೈಯೋದು. ಮಳೆ ಬಿದ್ದಿದ್ದಕ್ಕಿಂತ ಬಿದ್ದ ನೀರು ಒಣಗದೆ ಕೂತಿರೋದ್ರಿಂದಲೇ ತುಕ್ಕು ಜಾಸ್ತಿ, ಮಕ್ಕಳೇ. ಕುಶಾಲನಗರದವರಿಗೆ ನಡುನಡುವೆ ಬಿಸಿಲಾದ್ರೂ ಸಿಗುತ್ತೆ, ನಮ್ಮಲ್ಲಿ ಕಕ್ಕಡದಲ್ಲಿ, ಅಂದ್ರೆ ಜುಲೈ-ಆಗಸ್ಟ್‌ನ ಜಡಿಮಳೆ ತಿಂಗಳಲ್ಲಿ, ಬಟ್ಟೆ ಒಣಗಿಸೋಕೇ ಒಲೆ ಬೇಕು, ಇನ್ನು ಬೈಕ್ ಎಲ್ಲಿ ಒಣಗುತ್ತೆ. ಹಾಗಾಗಿ ಒದ್ದೆ ಬೈಕಿಗೆ ಕವರ್ ಹಾಕಲೇಬೇಡಿ, ಒಳಗೆ ಹಬೆ ಕಟ್ಕೊಂಡು ಹೊರಗಿನ ಮಳೆಗಿಂತ ಜಾಸ್ತಿ ಹಾಳು ಮಾಡುತ್ತೆ. ಮೇಲೊಂದು ಶೀಟ್, ನಾಲ್ಕು ಕಡೆ ಗಾಳಿ ಆಡಬೇಕು, ಅಷ್ಟೇ. ಮಣ್ಣಿನ ನೆಲ ಆದ್ರೆ ಕೆಳಗೆ ಎರಡು ಹಲಗೆ ಹಾಕಿ, ತೇವ ನೆಲದಿಂದಲೂ ಏರುತ್ತೆ.

ಇನ್ನೊಂದು ವಿಷಯ ಮೆಕ್ಯಾನಿಕ್‌ಗಳೂ ಹೇಳಲ್ಲ, ತೋಟದವರೇ ಗಮನಿಸ್ಬೇಕು. ಗೊಬ್ಬರದ ಮೂಟೆ ಬೈಕ್ ಹಿಂದೆ ಕಟ್ಕೊಂಡು ಹೋಗ್ತೀರಲ್ಲ, ಪೊಟಾಷ್ ಅಂದ್ರೆ ಅದೂ ಒಂದು ಥರ ಉಪ್ಪೇ, ಚೀಲದ ಹೊಲಿಗೆಯಿಂದ ಉದುರಿದ ಪುಡಿ ಕ್ಯಾರಿಯರ್ ಸಂದಿಯಲ್ಲಿ ಕೂತು ಗಾಳಿಯ ತೇವ ಎಳ್ಕೊಂಡು ಕಬ್ಬಿಣ ತಿನ್ನುತ್ತೆ. ಮೆಣಸಿನ ಬಳ್ಳಿಗೆ ಬೋರ್ಡೋ, ಅಂದ್ರೆ ಮೈಲುತುತ್ತ-ಸುಣ್ಣ ಕಲಸಿದ ದ್ರಾವಣ, ಹೊಡೆಯೋ ಟೈಮಲ್ಲಿ ಆ ಮೈಲುತುತ್ತ ಇನ್ನೂ ಕೆಟ್ಟದ್ದು, ಅದು ತಾಮ್ರದ ಉಪ್ಪು. ದ್ರಾವಣ ಸರಿ ಆಗಿದ್ಯಾ ಅಂತ ನೋಡೋಕೆ ಹಿರಿಯರು ಅದರೊಳಗೆ ಕತ್ತಿ ಅದ್ದಿ ತೆಗೀತಿದ್ರು, ಸುಣ್ಣ ಕಮ್ಮಿ ಆಗಿದ್ರೆ ಕತ್ತಿ ಮೇಲೆ ತಾಮ್ರದ ಕೆಂಪು ಕೂರುತ್ತೆ, ಅಂದ್ರೆ ಅಲ್ಲಿ ಕಬ್ಬಿಣ ಕರಗಿ ತಾಮ್ರ ಅಂಟಿದೆ. ಸ್ಪ್ರೇ ಕ್ಯಾನಿಂದ ಸೋರಿದ್ದು ನಿಮ್ಮ ಶಾಕ್ ಅಬ್ಸಾರ್ಬರ್‌ಗೂ ಮಾಡೋದು ಅದನ್ನೇ. ಅವತ್ತೇ ಸಂಜೆ ನೀರು ಹೊಡೆದು ತೊಳೀರಿ, ನಾಳೆ ಅಂತ ಬಿಡಬೇಡಿ. ಕೊಟ್ಟಿಗೆ ಪಕ್ಕ, ಗೊಬ್ಬರದ ಸ್ಟೋರ್ ಒಳಗೆ ಬೈಕ್ ನಿಲ್ಲಿಸೋದೂ ಬೇಡ.

ತೊಳೆದ ಮೇಲೆ ಹಳೆ ಬನಿಯನ್‌ನಲ್ಲಿ ಒರೆಸಿ ಸುಮ್ಮನೆ ಒಂದು ರೌಂಡ್ ಹೋಗಿ ಬನ್ನಿ, ಇಂಜಿನ್ ಬಿಸಿಗೆ ಅರ್ಧ ನೀರು ಹೋಗುತ್ತೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಅಂತ ಚಿಕ್ಕ ಚಿಕ್ಕ ಓಡಾಟ ಮಾತ್ರ ಮಾಡಿದ್ರೆ ಸೈಲೆನ್ಸರ್ ಒಳಗಿಂದಲೇ ಹೋಗುತ್ತೆ, ಯಾಕಂದ್ರೆ ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹಬೆಯಾಗಿ ಬರುತ್ತೆ, ಪೈಪ್ ಸರಿಯಾಗಿ ಕಾಯದಿದ್ರೆ ಅದು ಒಳಗೇ ನಿಲ್ಲುತ್ತೆ. ಕೆಲವು ಸೈಲೆನ್ಸರ್ ಅಡಿಯಲ್ಲಿ ಸಣ್ಣ ತೂತು ಇರುತ್ತೆ, ಕೆಸರು ಮೆತ್ಕೊಂಡಿದ್ರೆ ಕಡ್ಡಿ ಹಾಕಿ ಬಿಡಿಸಿ.

ಆಗಲೇ ಹಿಡಿದಿರೋ ತುಕ್ಕಿಗೆ ಏನ್ಮಾಡೋದು ಅಂದ್ರೆ, ಕ್ರೋಮ್ ರಿಮ್ ಮೇಲಿನ ಚುಕ್ಕೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಲ್ಲಿ ಅದ್ದಿ ಉಜ್ಜಿ, ಫಾಯಿಲ್ ಕ್ರೋಮ್‌ಗಿಂತ ಮೆತ್ತಗೆ, ಗೀರು ಬೀಳಲ್ಲ. ಪೇಂಟ್ ಇರೋ ಜಾಗಕ್ಕೆ ಅದು ಸಾಲದು, ವೈರ್ ಬ್ರಷ್, ಆಮೇಲೆ ಎಮರಿ ಪೇಪರ್, ಹೊಳೆಯೋ ಕಬ್ಬಿಣ ಕಾಣೋವರೆಗೂ ಉಜ್ಜಿ ಪೂರ್ತಿ ಒಣಗಿಸಿ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಮೇಲೆ ಪೇಂಟ್. ತುಕ್ಕಿನ ಮೇಲೇ ಪೇಂಟ್ ಬಳಿಯೋರು ಹುಣ್ಣಿನ ಮೇಲೆ ಪೌಡರ್ ಹಾಕಿದ ಹಾಗೆ, ಒಂದೇ ಮಳೆಗಾಲಕ್ಕೆ ಸಿಪ್ಪೆ ಏಳುತ್ತೆ. ಸೈಲೆನ್ಸರ್‌ಗೆ ಮಾತ್ರ ಬಿಸಿ ತಡೆಯೋ ಪೇಂಟ್ ಅಂತಲೇ ಕೇಳಿ ತಗೊಳ್ಳಿ.

ಟ್ಯಾಂಕ್ ಒಳಗೆ ತುಕ್ಕಿದ್ರೆ, ಹಳೆ ಕಾರ್ಬ್ಯುರೇಟರ್ ಬೈಕ್ ಆದ್ರೆ ಟ್ಯಾಂಕ್ ಬಿಚ್ಚಿ ಪೆಟ್ರೋಲ್ ಪೂರ್ತಿ ತೆಗೆದು ವಿನೆಗರ್ ತುಂಬಿ ಒಂದು ರಾತ್ರಿ ಬಿಡಿ, ನಾಲ್ಕು ನಟ್ಟು ಹಾಕಿ ಕುಲುಕಿ, ಅಡುಗೆ ಸೋಡಾ ನೀರಲ್ಲಿ ತೊಳೆದು ತಕ್ಷಣ ಒಣಗಿಸಿ ಪೆಟ್ರೋಲ್ ತುಂಬಿ, ಖಾಲಿ ಬಿಟ್ರೆ ಮತ್ತೆ ಕೆಂಪಾಗೋಕೆ ಜಾಸ್ತಿ ಹೊತ್ತು ಬೇಡ. ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿನೂ ಹುಳಿನೇ ಅಲ್ವಾ ಅಂತ ಕೇಳ್ಬೇಡಿ, ಅದರ ರೇಟ್ ನೋಡಿದ್ದೀರಾ, ಅದು ಪಂದಿ ಕರಿಗೇ, ಹಂದಿ ಸಾರಿಗೇ ಇರಲಿ. ಈಗಿನ ಫ್ಯೂಯಲ್ ಇಂಜೆಕ್ಷನ್ ಬೈಕ್ ಆದ್ರೆ ಟ್ಯಾಂಕ್ ಒಳಗೆ ಪೆಟ್ರೋಲ್ ಪಂಪ್ ಇರುತ್ತೆ, ಮೆಕ್ಯಾನಿಕ್ ಹತ್ರ ಹೋಗಿ. ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಇರೋದ್ರಿಂದ ತೇವ ಬೇಗ ಎಳ್ಕೊಳ್ಳುತ್ತೆ, ಮಳೆಗಾಲದಲ್ಲಿ ಬೈಕ್ ನಿಲ್ಲಿಸಿಡೋದಿದ್ರೆ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗ ಕಮ್ಮಿ ಇದ್ದಷ್ಟೂ ಟ್ಯಾಂಕ್ ಒಳಗೆ ಬೆವರಿ ನೀರು ಕಟ್ಟೋದು ಕಮ್ಮಿ.

ಚೈನ್‌ಗೆ ಸೀಮೆಎಣ್ಣೆಯಲ್ಲಿ ಬ್ರಷ್ ಆಡಿಸಿ ಒರೆಸಿ 90 ನಂಬರ್ ಗೇರ್ ಆಯಿಲ್ ಬಿಡಿ, ಚಕ್ರ ಕೈಯಲ್ಲೇ ತಿರುಗಿಸಿ, ಇಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿ ಬಟ್ಟೆ ಹಿಡಿಯೋ ಧೈರ್ಯ ಬೇಡ, ಬೆರಳು ಹೋಗುತ್ತೆ. ಸುಟ್ಟ ಇಂಜಿನ್ ಆಯಿಲ್ ಬಳಿಯೋದು ಹಳೆ ಪದ್ಧತಿ, ನನಗೆ ಅದು ಇಷ್ಟ ಇಲ್ಲ, ಧೂಳು ಹಿಡಿಯುತ್ತೆ, ರಬ್ಬರ್ ಹಾಳು, ತೊಳೆದಾಗ ನಮ್ಮ ತೋಡಿಗೇ ಹೋಗುತ್ತೆ. ಬೆಳಿಗ್ಗೆ ಡಿಸ್ಕ್ ಮೇಲೆ ತೆಳ್ಳಗೆ ಕೆಂಪು ಕಂಡ್ರೆ ಗಾಬರಿ ಬೇಡ, ಎರಡು ಸಲ ಬ್ರೇಕ್ ಹಿಡಿದ್ರೆ ಹೋಗುತ್ತೆ, ಅಲ್ಲಿಗೆ ಮಾತ್ರ ಎಣ್ಣೆ ಗಿಣ್ಣೆ ಮುಟ್ಟಿಸ್ಬೇಡಿ. ಆದ್ರೆ ಮೇನ್ ಸ್ಟ್ಯಾಂಡ್ ಕೂರೋ ಜಾಗ, ಬ್ಯಾಟರಿ ಕೆಳಗೆ, ಹಿಂದಿನ ಚಕ್ರ ಹಿಡಿದಿರೋ ಸ್ವಿಂಗ್ ಆರ್ಮ್, ಇಲ್ಲೆಲ್ಲಾ ಸ್ಕ್ರೂಡ್ರೈವರ್ ತುದಿಯಲ್ಲಿ ಕುಟ್ಟಿ ನೋಡಿ, ಟಣ್ ಅಂದ್ರೆ ಸರಿ, ತುದಿ ಒಳಗೆ ಇಳಿದ್ರೆ ಆ ಬೈಕನ್ನ ಘಾಟಿ ರಸ್ತೆಗೆ ಇಳಿಸದೆ ಸೀದಾ ವೆಲ್ಡಿಂಗ್‌ನವರಿಗೆ ತೋರಿಸಿ.