ಬೂಟ್‌ಕ್ಯಾಂಪ್ ಹುಡುಗರನ್ನು ಹಾಸನದಲ್ಲಿ ಆರಿಸಿಕೊಂಡಿದ್ದು ಹೀಗೆ

"ಬೂಟ್‌ಕ್ಯಾಂಪ್ ಹುಡುಗರನ್ನು ತಗೊಂಡ್ರೆ ಆರು ತಿಂಗಳಲ್ಲಿ ಅಂಗಡಿ ಮುಚ್ತೀಯ" ಅಂತ ಬೆಂಗಳೂರಿನ ಗೆಳೆಯರು ಹೇಳಿದ್ದರು. ಬೂಟ್‌ಕ್ಯಾಂಪ್ ಅಂದರೆ ಕೆಲವೇ ತಿಂಗಳಲ್ಲಿ ಕೋಡಿಂಗ್ ಕಲಿಸುವ ಕೋರ್ಸು. ಎರಡು ವರ್ಷದ ಮೇಲಾಯಿತು, ಅಂಗಡಿ ಬಿ.ಎಂ. ರಸ್ತೆಯಲ್ಲೇ ಇದೆ. ಕಾಫಿ ತೋಟಗಳ ಹಾಜರಿ, ಬಟವಾಡೆ, ಮಳೆ ಲೆಕ್ಕದ ಸಾಫ್ಟ್‌ವೇರ್ ನಮ್ಮದು.

ಮೊದಲು ಕನ್ಸಲ್ಟೆನ್ಸಿ ಮೂಲಕ ಅನುಭವ ಇದ್ದವರನ್ನೇ ತಂದೆವು. ಕಮಿಷನ್ ವರ್ಷದ ಸಂಬಳದ 8.33%, ಅಂದರೆ ಒಂದು ತಿಂಗಳ ಸಂಬಳ. ಒಬ್ಬ ನಾಲ್ಕೇ ತಿಂಗಳಿಗೆ ಬೆಂಗಳೂರು ರೈಲು ಹತ್ತಿದ, ಇನ್ನೊಬ್ಬ ಸೇರುವ ದಿನ ಫೋನೇ ಎತ್ತಲಿಲ್ಲ. ಸುಮಾರು 2 ಲಕ್ಷ ಕೈಬಿಟ್ಟಿತು.

ಆಮೇಲೆ ಬೂಟ್‌ಕ್ಯಾಂಪ್. ಎಲ್ಲರ ಬಳಿಯೂ ಅದೇ ಟು-ಡು ಆಪ್, ಅದೇ ನೆಟ್‌ಫ್ಲಿಕ್ಸ್ ಕ್ಲೋನ್. ಕೋಡ್ ಹಂತಹಂತವಾಗಿ ಬದಲಾದ ದಾಖಲೆ, ಅಂದರೆ ಗಿಟ್ ಲಾಗ್, ತೆಗೆದರೆ ಒಂದೇ ಕಮಿಟ್, ಎಲ್ಲಾ ಒಂದೇ ಸಲಕ್ಕೆ ತಂದು ಸುರಿದದ್ದು! ಮೊದಲ ಬ್ಯಾಚನ್ನು ಲೀಟ್‌ಕೋಡ್ ಅನ್ನುವ ಕೋಡಿಂಗ್ ಅಭ್ಯಾಸದ ಸೈಟಿನ ಪ್ರಶ್ನೆ ಕೊಟ್ಟು ಆರಿಸಿದೆವು. ಬೈನರಿ ಟ್ರೀ ಸಲೀಸಾಗಿ ತಿರುಗಿಸಿದ ಹುಡುಗ ಎರಡು ಪಟ್ಟಿ ಜೋಡಿಸುವಾಗ ಲೆಫ್ಟ್ ಜಾಯಿನ್ (ಮೊದಲ ಪಟ್ಟಿಯವರೆಲ್ಲ ಉಳಿಯುತ್ತಾರೆ) ಬೇಕಾದ ಕಡೆ ಇನ್ನರ್ ಜಾಯಿನ್ (ಎರಡರಲ್ಲೂ ಇರುವವರು ಮಾತ್ರ) ಹಾಕಿದ. ಆ ವಾರ ಕೆಲಸಕ್ಕೆ ಬಾರದವರ ಹೆಸರೇ ಬಟವಾಡೆ ಪಟ್ಟಿಯಿಂದ ಮಾಯ, ಅವರ ಮುಂಗಡದ ಲೆಕ್ಕವೂ ಮಾಯ.

ಈಗ ಇಂಟರ್‌ವ್ಯೂ ಇಲ್ಲ. ನಮ್ಮ ಹಳೇ ಕೋಡ್ ಕೊಟ್ಟು ಎರಡು ವಾರ ಕೂರಿಸುತ್ತೇವೆ. ಪಾಸಾಗಲಿ ಬಿಡಲಿ, ದಿನಕ್ಕೆ 700-800 ರೂಪಾಯಿ. ಒಳಗೆ ಕೆಲವು ಬಗ್ ಬೇಕಂತಲೇ ಬಿಟ್ಟಿರುತ್ತೇವೆ. ಒಂದನ್ನು ಹೇಳುತ್ತೇನೆ: ಕೂಲಿ ಹಣ ಫ್ಲೋಟ್‌ನಲ್ಲಿ, ಅಂದರೆ ದಶಮಾಂಶವನ್ನು ಅಂದಾಜಿನಲ್ಲಿ ಹಿಡಿಯುವ ಸಂಖ್ಯೆಯಲ್ಲಿ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ ಅಲ್ವಾ, ಅದು ಎಲ್ಲರಿಗೂ ಗೊತ್ತು. ಸುಮ್ನೆ ರೌಂಡ್ ಮಾಡಿ ಕೈತೊಳೆದುಕೊಳ್ಳುತ್ತಾರೋ, ಪೈಸೆ ಲೆಕ್ಕದಲ್ಲಿ ಇಂಟಿಜರ್ (ಪೂರ್ಣಾಂಕ) ಮಾಡಿ 'ಹಳೇ ದಾಖಲೆಗೆ ಏನು ಮಾಡೋಣ' ಅಂತ ಕೇಳುತ್ತಾರೋ, ನಾವು ನೋಡುವುದು ಅದನ್ನು. ಎಐ ಬಳಸಲಿ, ಬೇಡ ಅನ್ನುವುದಿಲ್ಲ. ಉಳಿದ ಬಗ್‌ಗಳನ್ನು ಇಲ್ಲಿ ಬರೆದರೆ ನಾಳೆ ಯಾವುದೋ ಕೋರ್ಸಿನ ನೋಟ್ಸ್‌ನಲ್ಲಿರುತ್ತವೆ, ಹಾಗಾಗಿ ಬೇಡ.

ಮಧ್ಯೆ ಒಂದು ತಮಾಷೆಯ ಪ್ರಯೋಗ ಮಾಡಿದೆವು. ಸಕಲೇಶಪುರದ ಕಡೆಯ ತೋಟದ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿ ಬಗ್ ವಿವರಿಸಬೇಕು. ಸರ್ವರ್, ಕ್ಯಾಶೆ ಅಂದವರಿಗೆ ರೈಟರು, "ಅದಿರಲಿ ಮಾರಾಯ, ನನ್ನ ಮಳೆ ಲೆಕ್ಕ ಏನಾಯ್ತು?" ಅಂದರು. ಬಿ.ಕಾಂ. ಮುಗಿಸಿ ಬೂಟ್‌ಕ್ಯಾಂಪ್ ಮಾಡಿದ ಅರಕಲಗೂಡಿನ ಹುಡುಗಿ ಮಾತ್ರ, "ನಿಮ್ಮ ಪುಸ್ತಕದಲ್ಲಿ ಎಷ್ಟು ಬರ್ದಿದೀರ ಸರ್?" ಅಂತ ಕೇಳಿದಳು. ಒಂದು ಇಂಚು ಐದು ಸೆಂಟು (ನೂರು ಸೆಂಟಿಗೆ ಒಂದು ಇಂಚು). ನಮ್ಮ ಆಪ್‌ನಲ್ಲಿ ಅದು 1.05 ಆಗುವ ಬದಲು 1.5 ಆಗಿ ಕೂತಿತ್ತು. ಇದು ನಾವು ಇಟ್ಟ ಬಗ್ ಅಲ್ಲ! ಅವತ್ತೇ ಆಫರ್ ಕೊಟ್ಟೆವು.

ಮೂವರಲ್ಲಿ ಒಬ್ಬರು ನಿಲ್ಲುತ್ತಾರೆ. ಎಲ್ಲಾ ಸೇರಿ ನಿಂತವರ ತಲೆಗೆ 25-30 ಸಾವಿರ ಖರ್ಚು. ನಗುತ್ತಿದ್ದ ಗೆಳೆಯರಲ್ಲಿ ಇಬ್ಬರು ಮೊನ್ನೆ ಆ ಹಳೇ ಕೋಡ್ ಕಳಿಸು ಅಂದರು. ಕಳಿಸಿಲ್ಲ.