ಎರಡು ಸಲ ಕೊಂಡ ಪುಸ್ತಕ ಮತ್ತು ಫೋನಿನೊಳಗಿನ ಕಪಾಟು

ಕರಾವಳಿಯಲ್ಲಿ ಮನೆ ತುಂಬ ಪುಸ್ತಕ ಇಟ್ಟುಕೊಂಡವರಿಗೆ ಮಳೆಗಾಲ ಮುಗಿದ ಮೇಲೆ ಒಂದು ಕೆಲಸ ಉಂಟು. ಕಪಾಟು ಖಾಲಿ ಮಾಡಬೇಕು, ಬೂಷ್ಟು ಒರೆಸಬೇಕು, ಪುಸ್ತಕಗಳನ್ನು ಜಗಲಿಯಲ್ಲಿ ಗಾಳಿಗೆ ಹರಡಬೇಕು. ಕಳೆದ ವರ್ಷ ಹೀಗೆ ಹರಡುವಾಗ ಒಂದೇ ಕಾದಂಬರಿಯ ಎರಡು ಪ್ರತಿ ಸಿಕ್ಕವು. ಎರಡನ್ನೂ ನಾನೇ ದುಡ್ಡು ಕೊಟ್ಟು ತಂದಿದ್ದೆ. ನಾಚಿಕೆಯ ವಿಷಯ ಅದಲ್ಲ. ಒಂದರ 58ನೇ ಪುಟದಲ್ಲಿ ಉಡುಪಿ–ಮಂಗಳೂರು ಬಸ್ಸಿನ ಟಿಕೆಟು ಇತ್ತು. ಇನ್ನೊಂದರ 61ನೇ ಪುಟದಲ್ಲಿ ಮತ್ತೊಂದು ಟಿಕೆಟು. ಎರಡು ಸಲ ಕೊಂಡು, ಎರಡು ಸಲ ಶುರು ಮಾಡಿ, ಎರಡು ಸಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಬೇಜಾರಾಗಿ ಮುಚ್ಚಿಟ್ಟಿದ್ದೆ!

ನೋಡುತ್ತ ಕೂತಿದ್ದ ಚಿಕ್ಕಮ್ಮ ಸುಮ್ಮನಿರಲಿಲ್ಲ. "ಎಂತ ಮಾರಾಯ್ತಿ, ಜೀನಸಿಗೆ ಚೀಟಿ ಬರೀತಿ. ಪುಸ್ತಕಕ್ಕೆ ಬರೀಲಿಕ್ಕೆ ಆಗುದಿಲ್ವಾ?" ಎಂದರು. ಆ ರಾತ್ರಿಯೇ ಫೋನಿಗೆ ಓದಿನ ಲೆಕ್ಕ ಇಡುವ ಆ್ಯಪ್ ಹಾಕಿಕೊಂಡೆ.

ಇಲ್ಲಿ ಹೇಳುವುದು ಮುಖ್ಯವಾಗಿ ಕನ್ನಡ ಪುಸ್ತಕ ಓದುವವರಿಗೆ. ಇಂಗ್ಲಿಷ್ ಓದುವವರಿಗೆ ಈ ಆ್ಯಪ್‌ಗಳು ಬಡಿಸಿಟ್ಟ ಊಟ. ನಮಗೆ ಅಕ್ಕಿ ಆರಿಸುವುದರಿಂದ ಶುರು.

ಹಂತ 1: ಯಾವ ಆ್ಯಪ್?

ಎರಡರ ಹೆಸರು ಗೊತ್ತಿದ್ದರೆ ಸಾಕು. ಗುಡ್‌ರೀಡ್ಸ್ 2007ರಲ್ಲಿ ಶುರುವಾಯಿತು, 2013ರಲ್ಲಿ ಅಮೆಜಾನ್ ಅದನ್ನು ಕೊಂಡಿತು. ಸ್ಟೋರಿಗ್ರಾಫ್ 2019ರದ್ದು, ನಾಡಿಯಾ ಒಡುನಾಯೊ ಎಂಬ ಪ್ರೋಗ್ರಾಮರ್ ಕಟ್ಟಿದ್ದು. ಎರಡನ್ನೂ ದುಡ್ಡು ಕೊಡದೆ ಬಳಸಬಹುದು. ಪುಸ್ತಕ ಎಷ್ಟು ಹಿಡಿಸಿತು ಎಂದು ಐದರವರೆಗೆ ನಕ್ಷತ್ರ ಕೊಡುವ ಕ್ರಮ ಎರಡರಲ್ಲೂ ಉಂಟು. ಗುಡ್‌ರೀಡ್ಸ್‌ನಲ್ಲಿ ಅರ್ಧ ನಕ್ಷತ್ರ ಕೊಡಲಾಗುವುದಿಲ್ಲ. ಸ್ಟೋರಿಗ್ರಾಫ್‌ನಲ್ಲಿ ಕಾಲು ನಕ್ಷತ್ರವನ್ನೂ ಕೊಡಬಹುದು, ಪುಸ್ತಕ ನಿಧಾನವೋ ವೇಗವೋ, ಮನಸ್ಸಿಗೆ ಭಾರವೋ ಹಗುರವೋ ಎಂದೂ ಗುರುತು ಹಾಕಬಹುದು. ನನ್ನ ಅನುಭವದಲ್ಲಿ ಕನ್ನಡದ ಪುಸ್ತಕಗಳು ಮತ್ತು ಕನ್ನಡದ ಓದುಗರು ಜಾಸ್ತಿ ಸಿಗುವುದು ಗುಡ್‌ರೀಡ್ಸ್‌ನಲ್ಲೇ. ಹಾಗಾಗಿ ನಾನು ಅದರಲ್ಲಿದ್ದೇನೆ. ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ಎರಡು ಡೈರಿ ಇಟ್ಟವರು ಎರಡರಲ್ಲೂ ಬರೆಯುವುದಿಲ್ಲ.

ಹಂತ 2: ಮೊದಲ ಅರ್ಧ ಗಂಟೆ

ಖಾತೆ ತೆರೆದ ಕೂಡಲೇ ಸೆಟ್ಟಿಂಗ್ಸ್‌ಗೆ ಹೋಗಿ. ನಿಮ್ಮ ಪುಟವನ್ನು ಯಾರು ನೋಡಬಹುದು ಎಂಬುದನ್ನು ಮೊದಲು ನಿರ್ಧರಿಸಿ. ಎಲ್ಲರಿಗೂ ಕಾಣುವಂತೆ ಬಿಟ್ಟರೆ ನೀವು ಏನು ಓದುತ್ತಿದ್ದೀರಿ ಎಂದು ಆಫೀಸಿನವರಿಗೂ ತಿಳಿಯುತ್ತದೆ. ಕೆಲವರಿಗೆ ಅದು ಖುಷಿ, ಕೆಲವರಿಗೆ ಕಿರಿಕಿರಿ. ನೋಟಿಫಿಕೇಶನ್, ಇಮೇಲ್ ಎಲ್ಲ ಬಂದ್ ಮಾಡಿ.

ಆಮೇಲೆ ಎಲ್ಲರೂ ಮಾಡುವ ತಪ್ಪು ಒಂದುಂಟು. ಮನೆಯ ಎಲ್ಲ ಪುಸ್ತಕವನ್ನೂ ಸೇರಿಸಲು ಕೂರುವುದು. ನಾನೂ ಕೂತೆ. 40 ಪುಸ್ತಕ ಆಗುವಷ್ಟರಲ್ಲಿ ಸಾಕೋಸಾಕಾಯಿತು, ಮುಂದಿನ ಮೂರು ವಾರ ಆ್ಯಪ್ ತೆರೆಯಲೇ ಇಲ್ಲ. ಹಾಗೆ ಬೇಡ. ಕಣ್ಣು ಮುಚ್ಚಿ, ಇತ್ತೀಚೆಗೆ ಪೂರ್ತಿ ಓದಿದ 10 ಪುಸ್ತಕ ನೆನಪು ಮಾಡಿಕೊಳ್ಳಿ. ಅಷ್ಟು ಸೇರಿಸಿ ಫೋನ್ ಕೆಳಗಿಡಿ. ಉಳಿದವು ಕೈಗೆ ಸಿಕ್ಕಾಗ ಬರಲಿ.

ಗುಡ್‌ರೀಡ್ಸ್‌ನಲ್ಲಿ ಮೊದಲೇ ಮೂರು ಶೆಲ್ಫ್ ಇರುತ್ತವೆ. ಓದಬೇಕಾದದ್ದು 'ವಾಂಟ್ ಟು ರೀಡ್', ಓದುತ್ತಿರುವುದು 'ಕರೆಂಟ್ಲಿ ರೀಡಿಂಗ್', ಓದಿ ಮುಗಿಸಿದ್ದು 'ರೀಡ್'. ಒಂದು ಪುಸ್ತಕ ಈ ಮೂರರಲ್ಲಿ ಒಂದರಲ್ಲಿ ಮಾತ್ರ ಇರಬಹುದು. ಇವಲ್ಲದೆ ನಮಗೆ ಬೇಕಾದ ಶೆಲ್ಫ್ ಸೇರಿಸಿಕೊಳ್ಳಬಹುದು. ನಾನು ಎರಡು ಸೇರಿಸಿದೆ: ಅರ್ಧಕ್ಕೆ ಬಿಟ್ಟದ್ದು, ಮತ್ತೆ ಸಾಲ ಕೊಟ್ಟದ್ದು. ಎರಡನೆಯದರಿಂದ ಈ ವರ್ಷ ಆರು ಪುಸ್ತಕ ಮನೆಗೆ ವಾಪಸು ಬಂದಿವೆ. ಯಾರಿಗೆ, ಯಾವಾಗ ಕೊಟ್ಟೆ ಎಂದು ತಾರೀಕು ಸಮೇತ ಕೇಳಿದರೆ ಯಾರಿಗೂ ಇಲ್ಲ ಅನ್ನಲಿಕ್ಕೆ ಆಗುವುದಿಲ್ಲ.

ಹಂತ 3: ಕನ್ನಡ ಪುಸ್ತಕ ಹುಡುಕುವುದು ಹೇಗೆ?

ನಿಜವಾದ ಕೆಲಸ ಇಲ್ಲೇ. ಸ್ವಲ್ಪ ತಾಳ್ಮೆ ಬೇಕು.

ಮೊದಲು ಬಾರ್‌ಕೋಡ್ ನೋಡಿ. ಹಿಂದಿನ ರಕ್ಷಾಪುಟದಲ್ಲಿ ಗೆರೆಗಳ ಕೆಳಗಿನ ನಂಬರ್ 978 ಅಥವಾ 979ರಿಂದ ಶುರುವಾದರೆ ಅದು ಪುಸ್ತಕದ ಗುರುತಿನ ಸಂಖ್ಯೆ, ಐಎಸ್‌ಬಿಎನ್. ಆ್ಯಪ್‌ನ ಸ್ಕ್ಯಾನರಿಗೆ ಅದನ್ನು ತೋರಿಸಿದರೆ ಆಯಿತು. 978ರ ನಂತರ 81 ಅಥವಾ 93 ಇದ್ದರೆ ಭಾರತದ ಪ್ರಕಾಶಕರದ್ದು ಎಂದು ಅರ್ಥ. ಬೇರೆ ನಂಬರ್ ಇದ್ದರೆ ಅದು ಅಂಗಡಿಯವರು ಅಂಟಿಸಿದ ಬಿಲ್ಲಿಂಗ್ ಸ್ಟಿಕ್ಕರ್ ಇರಬಹುದು. ಅದನ್ನು ಎಷ್ಟು ಸ್ಕ್ಯಾನ್ ಮಾಡಿದರೂ ಪುಸ್ತಕ ಸಿಗದು.

2007ಕ್ಕೆ ಮುಂಚೆ ಈ ಸಂಖ್ಯೆ 10 ಅಂಕಿಯದಾಗಿತ್ತು, ಆ ವರ್ಷದ ಜನವರಿಯಿಂದ 13 ಅಂಕಿ ಆಯಿತು. ಹಳೆಯ ಪುಸ್ತಕದ 10 ಅಂಕಿಯನ್ನು ಹಾಗೆಯೇ ಟೈಪ್ ಮಾಡಿ. ಜಾಣತನ ಮಾಡಿ ಮುಂದೆ 978 ಸೇರಿಸಲು ಹೋಗಬೇಡಿ. ಕೊನೆಯ ಅಂಕಿ ಉಳಿದ ಅಂಕಿಗಳ ಲೆಕ್ಕದಿಂದ ಬರುವುದು, ಹಾಗಾಗಿ ಅದೂ ಸಾಮಾನ್ಯವಾಗಿ ಬದಲಾಗುತ್ತದೆ. ಅಜ್ಜನ ಕಾಲದ ಪುಸ್ತಕಗಳಲ್ಲಿ ಈ ಸಂಖ್ಯೆಯೇ ಇಲ್ಲ. ಚಿಕ್ಕ ಪ್ರಕಾಶನಗಳ ಹಲವು ಪುಸ್ತಕಗಳಲ್ಲಿ ಈಗಲೂ ಇರುವುದಿಲ್ಲ.

ಆಗ ಹೆಸರಿನಿಂದ ಹುಡುಕಬೇಕು. ಕನ್ನಡ ಲಿಪಿಯಲ್ಲಿ ಒಂದು ಸಲ, ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಂದು ಸಲ. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಹೆಸರುಗಳಿಗೆ ಒಂದು ರೂಪ ಅಂತ ಇಲ್ಲವಲ್ಲ. ನಮ್ಮ ಕಾರಂತರನ್ನೇ ನೋಡಿ. ಶಿವರಾಮ, ಶಿವರಾಮ್, ಮುಂದೆ ಕೋಟ ಸೇರಿಸಿ, ಸೇರಿಸದೆ, ಕೊನೆಗೆ 'ಟಿಎಚ್' ಹಾಕಿ, 'ಟಿಎ' ಹಾಕಿ, ಹೀಗೆ ನಾಲ್ಕಾರು ಬಗೆಯಲ್ಲಿ ಬರೆಯುತ್ತಾರೆ. ಜ್ಞಾನಪೀಠ ಪಡೆದವರ ಕತೆಯೇ ಹೀಗಾದರೆ ಉಳಿದವರದ್ದು ಕೇಳುವುದೇ ಬೇಡ. ಒಂದು ಉಪಾಯ: ಪುಸ್ತಕದ ಹೆಸರಿನ ಒಂದೇ ಪದ, ಲೇಖಕರ ಹೆಸರಿನ ಒಂದೇ ಪದ ಹಾಕಿ ಹುಡುಕಿ. ಪೂರ್ತಿ ಬರೆದಷ್ಟೂ ಕಾಗುಣಿತ ತಪ್ಪುವ ಜಾಗ ಜಾಸ್ತಿ.

ಒಂದೇ ಪುಸ್ತಕ ಮೂರು ಸಲ ಕಂಡರೆ? ಯಾವುದನ್ನು ಜಾಸ್ತಿ ಜನ ಗುರುತು ಹಾಕಿದ್ದಾರೋ ಅದನ್ನೇ ಆರಿಸಿ. ಮುಖಪುಟದ ಚಿತ್ರ ನಿಮ್ಮ ಪ್ರತಿಯದ್ದೇ ಆಗಬೇಕು ಎಂಬ ಹಟ ಬೇಡ. ಓದುಗರು ಒಂದು ಕಡೆ ಸೇರಿದರೆ ಸಲಹೆಗೂ ಅನುಕೂಲ. ಎಲ್ಲೂ ಇಲ್ಲದಿದ್ದರೆ ಸೇರಿಸಲು ಗುಡ್‌ರೀಡ್ಸ್‌ನ ಲೈಬ್ರೇರಿಯನ್‌ಗಳ ಗುಂಪಿನಲ್ಲಿ ಕೇಳಬಹುದು. ಅದಕ್ಕೆ ಫೋನಿಗಿಂತ ಕಂಪ್ಯೂಟರ್ ಒಳ್ಳೆಯದು. ಹೆಸರನ್ನು ಕನ್ನಡದಲ್ಲೇ ಬರೆಯಿರಿ. ಲೇಖಕರ ಹೆಸರು ಮಾತ್ರ ಆ್ಯಪ್‌ನಲ್ಲಿ ಈಗಾಗಲೇ ಯಾವ ರೂಪದಲ್ಲಿ ಉಂಟೋ ಅದೇ ರೂಪದಲ್ಲಿರಲಿ. ಇಲ್ಲದಿದ್ದರೆ ಒಬ್ಬರೇ ಲೇಖಕರು ಇಬ್ಬರಾಗುತ್ತಾರೆ.

ಅನುವಾದದ ವಿಷಯದಲ್ಲಿ ಒಂದು ಎಚ್ಚರ. ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಆ ಕತೆಗಳನ್ನು ಕನ್ನಡದಲ್ಲಿ ಮೊದಲೇ ಓದಿದವರು ಅದನ್ನು 'ರೀಡ್'ಗೆ ಹಾಕಬಹುದಾ? ಹಾಕಿದರೆ ಲೆಕ್ಕ ತಪ್ಪುತ್ತದೆ. ದೀಪಾ ಭಾಸ್ತಿ ಅನುವಾದಿಸಿದ ಆ ಪುಸ್ತಕದಲ್ಲಿರುವುದು ಬೇರೆ ಬೇರೆ ಕನ್ನಡ ಸಂಕಲನಗಳಿಂದ ಆರಿಸಿದ 12 ಕತೆಗಳು. ನಿಮ್ಮ ಕೈಯಲ್ಲಿರುವ ಕನ್ನಡ ಸಂಕಲನವನ್ನೇ ಬೇರೆಯಾಗಿ ಹುಡುಕಿ ಹಾಕಿ.

ಹಂತ 4: ಓದುವಾಗ

ಓದುತ್ತ ಓದುತ್ತ ಫೋನ್ ಮುಟ್ಟಬೇಡಿ. ಪುಟದ ಸಂಖ್ಯೆ ಹಾಕಲು ಅಂತ ತೆಗೆದ ಫೋನ್ ವಾಟ್ಸ್‌ಆ್ಯಪ್ ನೋಡದೆ ಒಳಗೆ ಹೋಗುವುದಿಲ್ಲ. ನಾನು ಉಡುಪಿಯಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಿದರೆ ಪಡುಬಿದ್ರಿ, ಮುಲ್ಕಿವರೆಗೆ ಓದುತ್ತೇನೆ. ಸುರತ್ಕಲ್ ದಾಟಿದ ಮೇಲೆ ಹೇಗೂ ಟ್ರಾಫಿಕ್, ಹಾರ್ನು. ಆಗ ಪುಸ್ತಕ ಮುಚ್ಚಿ ಪುಟದ ಸಂಖ್ಯೆ ಹಾಕುತ್ತೇನೆ. ದಿನಕ್ಕೊಮ್ಮೆ ಸಾಕು.

ವರ್ಷಕ್ಕೆ ಇಷ್ಟು ಪುಸ್ತಕ ಎಂದು ಗುರಿ ಇಡುವ ಸೌಲಭ್ಯವೂ ಉಂಟು. ನನಗೆ ಅದು ಆಗದು. ಗುರಿ ತಲುಪಲು ಡಿಸೆಂಬರಿನಲ್ಲಿ ತೆಳ್ಳನೆಯ ಪುಸ್ತಕ ಹುಡುಕುವವರನ್ನು ನೋಡಿದ್ದೇನೆ. 600 ಪುಟದ ಕಾದಂಬರಿಯೂ ಅಲ್ಲಿ ಒಂದೇ, 60 ಪುಟದ ಕವನ ಸಂಕಲನವೂ ಒಂದೇ.

ಹಂತ 5: ನಕ್ಷತ್ರಕ್ಕಿಂತ ಒಂದು ಸಾಲು ಮೇಲು

ಮುಗಿಸಿದ ದಿನವೇ ನಕ್ಷತ್ರ ಕೊಡಿ. ಲೇಖಕರು ಪರಿಚಯದವರು, ಪಾಪ, ಎಂದು ಐದು ಕೊಡಬೇಡಿ. ನಮ್ಮ ಊರಿನಲ್ಲಿ ಬರೆಯುವವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಪರಿಚಯದವರೇ, ಅಲ್ವಾ? ಮುಜುಗರವಾದರೆ ನಕ್ಷತ್ರ ಬಿಟ್ಟುಬಿಡಿ, ಸುಳ್ಳು ಮಾತ್ರ ಬೇಡ. ನಿಮ್ಮ ಸುಳ್ಳನ್ನು ನಂಬಿ ಆ್ಯಪ್ ಅಂಥದೇ ಇನ್ನೂ ಹತ್ತು ತಂದು ಮುಂದಿಡುತ್ತದೆ.

ನಕ್ಷತ್ರದ ಜೊತೆ ಒಂದು ಸಾಲು ಬರೆಯಿರಿ. ಗುಡ್‌ರೀಡ್ಸ್‌ನಲ್ಲಿ ನಿಮಗೆ ಮಾತ್ರ ಕಾಣುವ ಟಿಪ್ಪಣಿಗೂ ಜಾಗ ಉಂಟು. ವಿಮರ್ಶೆ ಬೇಡ. 'ಮೀನುಗಾರರ ಮಾತು ಚೆನ್ನಾಗಿದೆ, ಕೊನೆ ಅವಸರ' ಎಂಬಷ್ಟು ಸಾಕು. ಆರು ತಿಂಗಳ ನಂತರ ನಾಲ್ಕು ನಕ್ಷತ್ರ ಏನನ್ನೂ ನೆನಪಿಸುವುದಿಲ್ಲ, ಈ ಸಾಲು ನೆನಪಿಸುತ್ತದೆ.

ಬಿಟ್ಟ ಪುಸ್ತಕಕ್ಕೂ ಒಂದು ಸಾಲು ಬೇಕು. ಎಷ್ಟನೇ ಪುಟ, ಯಾಕೆ ಅಂತ. ನನ್ನ ಆ ಎರಡು ಪ್ರತಿಯ ಕಾದಂಬರಿಯ ಎದುರು ಈಗ ಹೀಗೆ ಬರೆದಿದೆ: '60ರ ಹತ್ತಿರ ಮದುವೆ ಮಾತುಕತೆ ಶುರು, ನೆಂಟರ ಹೆಸರು ನೆನಪಿರುವುದಿಲ್ಲ. ಬಸ್ಸಿನಲ್ಲಿ ಆಗುವ ಪುಸ್ತಕ ಅಲ್ಲ, ಮನೆಯಲ್ಲಿ ಕೂತು ಓದಬೇಕು.' ಹೀಗೆ ಬರೆದ ಮೇಲೆ ಒಂದು ರಜೆಯಲ್ಲಿ ಓದಿ ಮುಗಿಸಿದೆ. ಪುಸ್ತಕದ್ದೇನೂ ತಪ್ಪಿರಲಿಲ್ಲ.

ಹಂತ 6: ಮುಂದಿನ ಪುಸ್ತಕ

ಆ್ಯಪ್‌ನ ಸಲಹೆ ಹೇಗೆ ಹುಟ್ಟುತ್ತದೆ ಎಂದು ತಿಳಿದರೆ ಅದರ ಮೇಲೆ ಸಿಟ್ಟು ಬರುವುದಿಲ್ಲ. ಇಂಥವುಗಳ ಹಿಂದಿನ ಮುಖ್ಯ ಲೆಕ್ಕ ಸರಳ. ನಿಮಗೆ ಇಷ್ಟವಾದ ಪುಸ್ತಕಗಳು ಇನ್ನು ಯಾರಿಗೆಲ್ಲ ಇಷ್ಟವಾದವು ನೋಡು, ಅವರು ಮೆಚ್ಚಿದ ಬೇರೆ ಪುಸ್ತಕಗಳನ್ನು ತೋರಿಸು. ಗುಡ್‌ರೀಡ್ಸ್ ಇದಕ್ಕಾಗಿ ಕನಿಷ್ಠ 20 ಪುಸ್ತಕಕ್ಕೆ ನಕ್ಷತ್ರ ಕೊಡಿ ಎಂದು ಕೇಳುತ್ತ ಬಂದಿದೆ. ಸಾವಿರಾರು ಜನ ಗುರುತು ಹಾಕಿದ ಇಂಗ್ಲಿಷ್ ಪುಸ್ತಕಕ್ಕೆ ಈ ಲೆಕ್ಕ ಸರಿಹೋಗುತ್ತದೆ. ಒಂದು ಕನ್ನಡ ಕಥಾಸಂಕಲನಕ್ಕೆ ಹನ್ನೆರಡು ಜನ ನಕ್ಷತ್ರ ಕೊಟ್ಟಿದ್ದರೆ ಅದು ಯಾವ ಲೆಕ್ಕ ಮಾಡೀತು? ಕೊನೆಗೆ ಎಲ್ಲರಿಗೂ ತೋರಿಸುವ ಇಂಗ್ಲಿಷ್ ಪುಸ್ತಕವನ್ನೇ ನಿಮಗೂ ತೋರಿಸುತ್ತದೆ.

ಹಾಗಾಗಿ ಆ ಕೆಲಸವನ್ನು ನಾವೇ ಕೈಯಲ್ಲಿ ಮಾಡಬೇಕು. ನಿಮಗೆ ತುಂಬ ಹಿಡಿಸಿದ, ಆದರೆ ಎಲ್ಲರೂ ಓದಿರದ ಒಂದು ಕನ್ನಡ ಪುಸ್ತಕದ ಪುಟ ತೆರೆಯಿರಿ. ಕೆಳಗೆ ಅದಕ್ಕೆ ಐದು ನಕ್ಷತ್ರ ಕೊಟ್ಟವರು ಕಾಣುತ್ತಾರೆ. ಅವರಲ್ಲಿ ಒಬ್ಬರ ಶೆಲ್ಫ್ ಒಳಗೆ ಹೋಗಿ. ನಿಮಗೆ ಇಷ್ಟವಾದ ಇನ್ನೂ ಎರಡು ಪುಸ್ತಕ ಅಲ್ಲಿದ್ದರೆ ಅವರನ್ನು ಹಿಂಬಾಲಿಸಿ. ಇಂಥ ಮೂರು ಜನ ಸಿಕ್ಕರೆ ವರ್ಷಕ್ಕಾಗುವಷ್ಟು ಪುಸ್ತಕ ಸಿಕ್ಕಿತು. ಮಂಗಳೂರು ಬಲ್ಮಠದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಬಾಗಿಲು ಹಾಕುವವರೆಗೆ ನನಗೆ ಮುಂದಿನ ಪುಸ್ತಕ ಸಿಗುತ್ತಿದ್ದದ್ದು ಪುಸ್ತಕದಂಗಡಿಯ ಮಾತಿನ ನಡುವೆ. ಈಗ ಆ ಜಾಗದಲ್ಲಿ, ಮುಖ ನೋಡಿರದ ಈ ಮೂರು ಓದುಗರು ಇದ್ದಾರೆ.

ಇನ್ನೊಂದು ದಾರಿ ನಿಮ್ಮದೇ ಪಟ್ಟಿ. ನಾಲ್ಕು, ಐದು ನಕ್ಷತ್ರದವನ್ನು ಮಾತ್ರ ಒಟ್ಟಿಗೆ ನೋಡಿ. ಲೇಖಕರನ್ನು ಬಿಡಿ, ಅದು ಗೊತ್ತಿರುವುದೇ. ಅನುವಾದಕರು ಯಾರು, ಪ್ರಕಾಶಕರು ಯಾರು ನೋಡಿ. ನನ್ನ ಪಟ್ಟಿಯಲ್ಲಿ ಮೂರು ಪುಸ್ತಕ ಒಬ್ಬರೇ ಅನುವಾದಕರದ್ದು ಎಂದು ಹೀಗೆ ನೋಡುವವರೆಗೆ ನನಗೆ ಹೊಳೆದಿರಲಿಲ್ಲ. ಅವರ ನಾಲ್ಕನೆಯದು ಉಡುಪಿಯ ಅಜ್ಜರಕಾಡಿನ ಗ್ರಂಥಾಲಯದಲ್ಲೇ ಇತ್ತು.

'ವಾಂಟ್ ಟು ರೀಡ್' ಪಟ್ಟಿ 30 ದಾಟದಂತೆ ನೋಡಿಕೊಳ್ಳಿ. ಪ್ರತಿಯೊಂದರ ಎದುರೂ ಯಾರು ಹೇಳಿದ್ದು ಎಂದು ಬರೆಯಿರಿ. ಯಾರು ಹೇಳಿದ್ದು ಅಂತಲೇ ನೆನಪಿಲ್ಲದ ಪುಸ್ತಕವನ್ನು ನಾನು ಅಳಿಸಿಬಿಡುತ್ತೇನೆ.

'ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ' ಎಂಬುದು ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಎರಡು. ಅವರು ಗ್ರಂಥಾಲಯಕ್ಕೆ ಬರುವ ಮೊದಲು, 1917ರಲ್ಲಿ, ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಈಗ ಹಂಪನಕಟ್ಟೆಯಲ್ಲಿರುವ ವಿಶ್ವವಿದ್ಯಾನಿಲಯ ಕಾಲೇಜೇ ಅದು. ಅದರ ಎದುರು ಬಸ್ಸಿಗೆ ಕಾಯುವಾಗಲೆಲ್ಲ ನನಗೆ ಈ ಸೂತ್ರ ನೆನಪಾಗುತ್ತದೆ.

ಹಂತ 7: ಪ್ರತಿ ತೆಗೆದಿಡಿ

ಆ್ಯಪ್ ಇಂದು ಉಂಟು, ನಾಳೆ ಗೊತ್ತಿಲ್ಲ. ವರ್ಷಕ್ಕೆ ಎರಡು ಸಲ ನಿಮ್ಮ ಪಟ್ಟಿಯನ್ನು ಇಳಿಸಿಕೊಳ್ಳಿ. ಗುಡ್‌ರೀಡ್ಸ್‌ನಲ್ಲಿ ಇದನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ಮಾಡಬೇಕು. 'ಮೈ ಬುಕ್ಸ್' ಪುಟದಲ್ಲಿ 'ಇಂಪೋರ್ಟ್ ಅಂಡ್ ಎಕ್ಸ್‌ಪೋರ್ಟ್' ಸಿಗುತ್ತದೆ. ಬರುವುದು ಸಿಎಸ್‌ವಿ ಫೈಲ್, ಅಂದರೆ ಪಟ್ಟಿಯನ್ನು ಸಾದಾ ಅಕ್ಷರಗಳಲ್ಲಿ ಇಟ್ಟ ಫೈಲ್. ಅದನ್ನು ನೇರ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದ ಹೆಸರುಗಳು ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣಬಹುದು. ಹೆದರಬೇಡಿ, ಫೈಲ್ ಕೆಟ್ಟಿಲ್ಲ. ಎಕ್ಸೆಲ್ ಅಕ್ಷರಗಳನ್ನು ಬೇರೆ ಸಂಕೇತದಲ್ಲಿ ಓದಿದೆ ಅಷ್ಟೇ. ಗೂಗಲ್ ಶೀಟ್ಸ್‌ಗೆ ಹಾಕಿದರೆ ಸರಿಯಾಗಿ ಕಾಣುತ್ತದೆ. ಮುಂದೆ ಸ್ಟೋರಿಗ್ರಾಫ್‌ಗೆ ಹೋಗುವ ಮನಸ್ಸಾದರೆ ಇದೇ ಫೈಲನ್ನು ಅಲ್ಲಿಗೆ ಏರಿಸಬಹುದು.

ಈ ಸಲ ಇಳಿಸಿಕೊಂಡ ಪಟ್ಟಿಯ 'ಓದಬೇಕು' ಭಾಗವನ್ನು ಚಿಕ್ಕಮ್ಮನಿಗೂ ವಾಟ್ಸ್‌ಆ್ಯಪ್ ಮಾಡಿದೆ. ಅವರು ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಅದರ ಪ್ರಿಂಟ್ ತೆಗೆಸಿ, ಕೆಂಪು ಪೆನ್ನಿನಲ್ಲಿ ಒಂಬತ್ತು ಕಡೆ ಗುರುತು ಹಾಕಿ, ಫೋಟೋ ಹೊಡೆದು ಕಳಿಸಿದರು. ಕೆಳಗೆ ಬರೆದಿದ್ದರು: "ಇಷ್ಟು ನನ್ನ ಹತ್ರ ಉಂಟು. ತಗೊಳ್ಬೇಡ. ಬಂದು ಕೊಂಡುಹೋಗು, ಬರುವಾಗ ನನ್ನ ಎರಡು ಪುಸ್ತಕ ವಾಪಸು ತಾ."