ಕಟ್ಟುಹಾವು ಕಚ್ಚಿದ ನನ್ನ ಕಂಪ್ಯೂಟರ್ ಪೇಷೆಂಟ್

‘ಕಂಪ್ಯೂಟರ್ ಪೇಷೆಂಟ್ ನೋಡಿ ಯಾರಾದ್ರೂ ಡಾಕ್ಟರ್ ಆಗ್ತಾರಾ ಮೇಡಂ?’ ನಮ್ಮ ವಿಭಾಗದಲ್ಲಿ ಇದನ್ನು ಕೇಳದವರಿಲ್ಲ. ಮೆಡಿಕಲ್ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲೇ ಪ್ರಶ್ನೆ ಕೇಳಿ, ಟೆಸ್ಟ್ ಮಾಡಿಸಿ ಕಲಿಯಲು ನಾನು ಕಟ್ಟಿದ ಕಾಲ್ಪನಿಕ ರೋಗಿ ಅದು. ಈಗ ಅವರೇ ಫೈಲ್ ಕಳಿಸಿ ಅಂತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಮುಖ್ಯವಾಗಿ ಬೇಕಿದ್ದದ್ದು ಕಟ್ಟುಹಾವಿನ ಕೇಸು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಊತ ಇಲ್ಲ, ಗಾಯವೂ ಸರಿಯಾಗಿ ಕಾಣಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಬರುತ್ತಾರೆ. ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರೆ ಜೀವವೇ ಹೋಗಬಹುದು. ನಮ್ಮ ಹುಡುಗರು ವಾರ್ಡಿಗೆ ಬರುವ ಹೊತ್ತಿಗೆ ಅಂಥ ಪೇಷೆಂಟ್ ವೆಂಟಿಲೇಟರ್ ಮೇಲಿರುತ್ತಾನೆ. ಹಿಸ್ಟರಿ ತೆಗೆಯೋದು, ಅಂದರೆ ಏನಾಯಿತು ಅಂತ ಕೇಳಿ ತಿಳಿಯೋದು, ಯಾರ ಹತ್ತಿರ?

ಮೊದಲು ಒಂದು ಕಂಪನಿಯವರು ಬಂದು ತಮ್ಮ ಕಂಪ್ಯೂಟರ್ ಪೇಷೆಂಟ್ ತೋರಿಸಿದರು. ತ್ರೀಡಿ ಮುಖ, ನೋಡೋಕೆ ಚೆನ್ನ. ವರ್ಷಕ್ಕೆ ಆರೇಳು ಲಕ್ಷ. ಎದೆನೋವಿನ ಕೇಸುಗಳೇ ಜಾಸ್ತಿ, ಹಾವಿನದು ಒಂದೂ ಇಲ್ಲ! ಆಮೇಲೆ ಇಂಥ ಕೇಸು ಕಟ್ಟುವ ಓಪನ್‌ಲ್ಯಾಬಿರಿಂತ್ ಎಂಬ ಸಾಫ್ಟ್‌ವೇರ್ ಹಾಕಿ ನೋಡಿದೆವು. ಅದು ಉಚಿತ, ಆದರೆ ಸರ್ವರ್ ನೋಡಿಕೊಳ್ಳಲು ಒಬ್ಬರು ಬೇಕು. ನಮ್ಮಲ್ಲಿ ಅಂಥವರಿರಲಿಲ್ಲ. ಕೊನೆಗೆ ಟ್ವೈನ್ ಹಿಡಿದೆ. ಅದು ಕವಲೊಡೆಯುವ ಕತೆ ಬರೆಯುವವರ ಸಾಫ್ಟ್‌ವೇರ್. ಇಡೀ ಕೇಸು ಒಂದೇ ಎಚ್‌ಟಿಎಂಎಲ್ ಫೈಲ್ ಆಗಿ ಬರುತ್ತದೆ, ನೆಟ್ ಬೇಡ, ಪೆನ್‌ಡ್ರೈವ್ ಸಾಕು. ನನಗೆ ಬಿದ್ದ ಖರ್ಚು ಮೈಕು, ಕಾಫಿ-ತಿಂಡಿ ಸೇರಿ ಮೂರು ಸಾವಿರದ ಆಸುಪಾಸು.

ಮೊದಲ ಕೇಸು ನೆಲಕಚ್ಚಿತು. ಹುಡುಗರು ಇದ್ದಬದ್ದ ಬಟನ್ ಎಲ್ಲ ಒತ್ತಿದರು. ಸ್ಕ್ಯಾನ್, ಸಿಟಿ, ಲಿಪಿಡ್ ಪ್ರೊಫೈಲ್ ಕೂಡ! ಎಲ್ಲ ಒತ್ತಿದರೆ ಉತ್ತರ ಸಿಕ್ಕೇ ಸಿಗುತ್ತೆ, ಅಲ್ವಾ? ಆಗ ಪ್ರತಿ ಕ್ಲಿಕ್ಕಿಗೂ ನಿಮಿಷ ಮತ್ತು ರೂಪಾಯಿ ಕಟ್ಟಿದೆ. ಸಿಟಿಗೆ ಕಳಿಸಿದರೆ ನಲವತ್ತು ನಿಮಿಷ ಹೋಯಿತು, ಬಿಲ್ಲು ಏರಿತು, ಅಷ್ಟರಲ್ಲಿ ಪೇಷೆಂಟಿನ ರೆಪ್ಪೆ ಇನ್ನಷ್ಟು ಇಳಿಯಿತು. ಈ ಹಾವಿನ ವಿಷ ಸ್ನಾಯುಗಳನ್ನು ಸೋಲಿಸುವ ಮೊದಲ ಗುರುತುಗಳಲ್ಲಿ ಅದೊಂದು, ಆಮೇಲೆ ಉಸಿರಾಟವೂ ಸೋಲುತ್ತದೆ. ಅಲ್ಲಿಂದ ಆಟ ಬದಲಾಯಿತು.

ರಕ್ತ ಹೆಪ್ಪುಗಟ್ಟುತ್ತದೆಯೇ ಅಂತ ನೋಡುವ 20 ನಿಮಿಷದ ಕ್ಲಾಟಿಂಗ್ ಟೆಸ್ಟಿಗೆ ಟ್ಯೂಬ್ ಆರಿಸಬೇಕು, ಸರಿಯಾದದ್ದು ಕೊನೆಯದು ಮಾತ್ರ: ಪ್ಲಾಸ್ಟಿಕ್, ಸೋಪು ಹಾಕಿ ತೊಳೆದ ಗಾಜು, ಹೊಸ ಒಣ ಗಾಜು. ಪ್ಲಾಸ್ಟಿಕ್ ತೆಗೆದುಕೊಂಡವರ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡಿ ಕಿಡ್ನಿಗೂ ಪೆಟ್ಟು ಕೊಡುವ ಕೊಳಕುಮಂಡಲ ಅಂತ ತೀರ್ಮಾನಿಸಿ ಮೂತ್ರ ಅಳೆಯುತ್ತಾ ಕೂರುತ್ತಾರೆ, ಉಸಿರಾಟ ನೋಡುವುದನ್ನು ಬಿಡುತ್ತಾರೆ. ಪ್ರತಿ ಬ್ಯಾಚಿನಲ್ಲೂ ಕಾಲು ಭಾಗ ಇಲ್ಲಿ ಬೀಳುತ್ತದೆ.

ನನಗೆ ಹೆಮ್ಮೆ ಇರುವುದು ಧ್ವನಿಯ ಬಗ್ಗೆ. ನಮ್ಮ ವಾರ್ಡ್ ಬಾಯ್ ಒಬ್ಬ ಪೇಷೆಂಟಿಗೆ ಧ್ವನಿ ಕೊಟ್ಟ. ಒಂದೇ ಉಸಿರಿಗೆ ಎಣಿಸು ಅಂದರೆ ಮೊದಲ ಸಲ ಇಪ್ಪತ್ತೆರಡಕ್ಕೆ ಹೋಗುತ್ತಾನೆ. ಆಮೇಲೆ ಹದಿನಾಲ್ಕು. ಆಮೇಲೆ ಎಂಟಕ್ಕೇ ಮೂಗಿನಲ್ಲಿ ಮಾತಾಡುತ್ತಾ ನಿಲ್ಲುತ್ತಾನೆ. ಉಸಿರಿನ ಬಲ ಕುಗ್ಗುತ್ತಿದೆ ಅಂತ ಅರ್ಥ. ಹೆಡ್‌ಫೋನ್ ಹಾಕಿಕೊಂಡವರು ಸೀಟಿನಲ್ಲಿ ಸೆಟೆದು ಕೂರುತ್ತಾರೆ. ‘ನೆಲದ ಮೇಲೆ ಮಲಗಿದ್ರಾ?’ ಎಂಬ ಪ್ರಶ್ನೆಗೆ ಬಟನ್ ಇಟ್ಟಿಲ್ಲ, ಟೈಪ್ ಮಾಡಿದರೆ ಮಾತ್ರ ಉತ್ತರ. ಕನ್ನಡ, ಕಂಗ್ಲಿಷ್ ಎಲ್ಲ ಸ್ಪೆಲಿಂಗನ್ನೂ ಅದು ಹೇಗೆ ಹಿಡಿಯುತ್ತದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಅದಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೇನೆ.

ನಡುವೆ ಎಐ ಚಾಟ್‌ಬಾಟನ್ನೂ ಪೇಷೆಂಟ್ ಮಾಡಿ ನೋಡಿದೆ. ಕೇಳಿದ್ದಕ್ಕೆಲ್ಲ ಹೌದು ಅಂದಿತು. ಜ್ವರ ಇದೆಯಾ, ಇದೆ. ಕೆಮ್ಮು? ಅದೂ ಇದೆ. ನಮ್ಮ ಪೇಷೆಂಟುಗಳು ಹಾಗೆ ಮಾತಾಡಲ್ಲ. ಪಕ್ಕಕ್ಕಿಟ್ಟೆ.

2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂದ ಮೇಲೆ ಕಾಲೇಜಿನವರೂ ಮೆತ್ತಗಾದರು, ಕಂಪ್ಯೂಟರ್ ಲ್ಯಾಬ್ ಬಿಟ್ಟುಕೊಟ್ಟರು. ಓಎಸ್‌ಸಿಇ ಎಂಬ ಪ್ರಾಯೋಗಿಕ ಪರೀಕ್ಷೆಯಲ್ಲಿ ಮೊದಲು ಹತ್ತರಲ್ಲಿ ಮೂವರು ರೆಪ್ಪೆ ನೋಡುತ್ತಿದ್ದರು. ಈಗ ಏಳೆಂಟು ಮಂದಿ. ಕಳೆದ ಮಳೆಗಾಲ ನಮ್ಮ ಇಂಟರ್ನ್ ಒಬ್ಬಳು ಬೆಳಗಿನ ಜಾವದ ಹೊಟ್ಟೆನೋವಿನವನನ್ನು ಎಣಿಸಲು ಹೇಳಿ, ಸೀದಾ ಐಸಿಯುಗೆ ಕರೆದೊಯ್ದಳು. ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಹತ್ತು ವಯಲ್ ಹೋಯಿತು, ಉಸಿರಿಗೆ ಟ್ಯೂಬ್ ಹಾಕಬೇಕಾಯಿತು, ಆದರೆ ಹುಡುಗ ನಡೆದುಕೊಂಡು ಮನೆಗೆ ಹೋದ.

ಮುಂದಿನ ಕೇಸು ಕೀಟನಾಶಕ ಕುಡಿದವರದು. ಎದೆಯ ಸದ್ದು ತಿಳಿಯಾಗುವವರೆಗೆ ಅಟ್ರೋಪಿನ್ ಎಂಬ ಔಷಧದ ಡೋಸ್ ದುಪ್ಪಟ್ಟು ಮಾಡುತ್ತಾ ಹೋಗುವ ಭಾಗ ಬರೆದಾಯಿತು. ಎದೆಯ ಸದ್ದು ಒಳ್ಳೆಯ ಸ್ಟೆತ್‌ನಲ್ಲಿ ರೆಕಾರ್ಡ್ ಮಾಡಿಟ್ಟವರು ಇದ್ದರೆ ಕೊಡಿ, ಬದಲಿಗೆ ನನ್ನ ಹಾವಿನ ಫೈಲ್ ಕೊಡುತ್ತೇನೆ.